‘ಅಜ್ಞಾತ’ ಎಂಬ ಮೂರಕ್ಷರ

ಯಾವುದೇ ಮ್ಯೂಸಿಯಮ್ಮಿನಲ್ಲಿ ಕಲಾಕೃತಿಯ ಪಕ್ಕ ಅಂಟಿಸಿರುವ ಲೇಬಲ್ ಓದಿ ನೋಡಿ. ಸಾಮಾನ್ಯವಾಗಿ ಅದರಲ್ಲಿ ಎರಡು ಹೆಸರುಗಳಿರುತ್ತವೆ. ಮೇಲ್ಗಡೆ ಮಾಡಿದವರ ಹೆಸರು, ಕೊನೆಯ ಸಾಲಿನಲ್ಲಿ ಕೊಟ್ಟವರ ಹೆಸರು. ಮಾಡಿದವರ ಹೆಸರಿನ ಜಾಗದಲ್ಲಿ ಎಷ್ಟೋ ಸಲ ‘ಅಜ್ಞಾತ’ ಎಂದಿರುತ್ತದೆ. ಕೊಟ್ಟವರ ಹೆಸರಿಗೆ ಆ ಗತಿ ಬರುವುದು ಅಪರೂಪ. ‘ಹೆಸರು ಹೇಳಲಿಚ್ಛಿಸದ ದಾನಿ’ ಎಂದು ಒಮ್ಮೊಮ್ಮೆ ಕಾಣುತ್ತದೆ, ನಿಜ. ಆದರೆ ಆ ಮರೆಯನ್ನು ದಾನಿ ತಾನೇ ಆಯ್ದುಕೊಂಡದ್ದು. ಶಿಲ್ಪಿಯನ್ನು ಯಾರೂ ಕೇಳಿರುವುದಿಲ್ಲ.

ಅಮೆರಿಕದ ನಡುಭಾಗದ ಒಂದು ಊರಿನ ಕಲಾ ಮ್ಯೂಸಿಯಮ್ಮಿನಲ್ಲಿ ಎರಡು ವರ್ಷ ನನ್ನ ಕೆಲಸ ಈ ಲೇಬಲ್ಲುಗಳನ್ನು ಮತ್ತೆ ಬರೆಯುವುದಾಗಿತ್ತು. ಹಾಸನದ ಕಡೆಯವನು, ಕಲಾ ಇತಿಹಾಸ ಓದಿದವನು, ಕೆಲಸ ಹುಡುಕುತ್ತಿದ್ದವನು. ಮ್ಯೂಸಿಯಮ್ಮಿಗೆ ಒಂದು ಖಾಸಗಿ ಪ್ರತಿಷ್ಠಾನದಿಂದ ಗ್ರಾಂಟ್ ಸಿಕ್ಕಿತ್ತು. ‘ಸ್ಥಾಯಿ ಸಂಗ್ರಹವನ್ನು ಹೊಸದಾಗಿ ಅರ್ಥೈಸುವುದು’ ಅದರ ಉದ್ದೇಶ. ಊರಿಗೆ ಫೋನ್ ಮಾಡಿ ಕೆಲಸ ಸಿಕ್ಕಿದ್ದನ್ನು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಇರೋ ವಿಗ್ರಹ ಅಲ್ಲೇ ಇರತ್ತೆ, ಚೀಟಿ ಬದಲಾಯಿಸೋಕೆ ಎರಡು ವರ್ಷ ಸಂಬಳ ಕೊಡ್ತಾರಾ?”

ತಮಾಷೆಯ ಪ್ರಶ್ನೆಯೇನಲ್ಲ. ಮ್ಯೂಸಿಯಮ್ಮುಗಳ ಆಡಳಿತ ಮಂಡಳಿಗಳೂ ಇದನ್ನೇ ಕೇಳುತ್ತವೆ. ಹೊಸ ಕಟ್ಟಡಕ್ಕೆ ಹಣ ಬರುತ್ತದೆ, ಏಕೆಂದರೆ ಬಾಗಿಲ ಮೇಲೆ ಹೆಸರು ಕೆತ್ತಿಸಬಹುದು. ಮೂರು ತಿಂಗಳ ವಿಶೇಷ ಪ್ರದರ್ಶನಕ್ಕೂ ಪ್ರಾಯೋಜಕರು ಸಿಗುತ್ತಾರೆ, ಏಕೆಂದರೆ ಊರೆಲ್ಲ ಪೋಸ್ಟರ್ ಹಾಕಬಹುದು. ಆದರೆ ಐವತ್ತು ವರ್ಷದಿಂದ ಅದೇ ಗೋಡೆಯ ಮೇಲೆ ಅದೇ ಲೇಬಲ್ ಹೊತ್ತು ನಿಂತಿರುವ ವಸ್ತುವಿಗೆ ಯಾರು ಹಣ ಕೊಡುತ್ತಾರೆ? ಅದು ಮನೆಯ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯ ಹಾಗೆ. ಇದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಇಳಿಸಿ ನೋಡುವುದಿಲ್ಲ.

ಈ ಕೊರತೆಯನ್ನು ಕಂಡ ಕೆಲವು ಸಂಸ್ಥೆಗಳು ಅಮೆರಿಕದಲ್ಲಿವೆ. ಷಿಕಾಗೋದ ಟೆರ್ರಾ ಪ್ರತಿಷ್ಠಾನದ ಕತೆ ಇಲ್ಲಿ ಹೇಳುವಂಥದ್ದು. ಡ್ಯಾನಿಯಲ್ ಟೆರ್ರಾ ಎಂಬ ರಾಸಾಯನಿಕ ಉದ್ಯಮಿ ಅಮೆರಿಕನ್ ಚಿತ್ರಗಳನ್ನು ಸಂಗ್ರಹಿಸುತ್ತಿದ್ದರು. 1978ರಲ್ಲಿ ಪ್ರತಿಷ್ಠಾನ ಸ್ಥಾಪಿಸಿ 1980ರಲ್ಲಿ ಇವಾನ್‌ಸ್ಟನ್ನಿನಲ್ಲಿ ಮ್ಯೂಸಿಯಮ್ ತೆರೆದರು, 1987ರಲ್ಲಿ ಅದು ಷಿಕಾಗೋ ನಗರಕ್ಕೆ ಬಂತು, 2004ರಲ್ಲಿ ಮುಚ್ಚಿತು. ಕಟ್ಟಡ ಹೋಯಿತು, ಚಿತ್ರಗಳೂ ಹಣವೂ ಉಳಿದವು. ಆಮೇಲೆ ಪ್ರತಿಷ್ಠಾನ ಚಿತ್ರಗಳನ್ನು ಬೇರೆ ಮ್ಯೂಸಿಯಮ್ಮುಗಳಿಗೆ ಎರವಲು ಕೊಡುತ್ತ, ಅನುದಾನ ನೀಡುತ್ತ ಬಂದಿದೆ. ಮ್ಯೂಸಿಯಮ್ಮುಗಳು ತಮ್ಮಲ್ಲಿ ಈಗಾಗಲೇ ಇರುವ ಸಂಗ್ರಹವನ್ನೇ ಹೊಸ ಕಣ್ಣಿನಿಂದ ನೋಡಲಿ ಎಂದು ಕೊಡುವ ನೆರವೂ ಅದರಲ್ಲಿ ಸೇರಿದೆ. ಸ್ವಂತ ಮ್ಯೂಸಿಯಮ್ ಮುಚ್ಚಿದ ಸಂಸ್ಥೆಯೊಂದು ಬೇರೆಯವರ ಮ್ಯೂಸಿಯಮ್ಮಿನ ಹಳೆಯ ಗೋಡೆಗಳ ಬಗ್ಗೆ ಯೋಚಿಸುವುದು ನನಗೆ ಯಾವತ್ತೂ ವಿಚಿತ್ರವಾಗಿ, ಸ್ವಲ್ಪ ಹಿತವಾಗಿಯೂ ಕಾಣುತ್ತದೆ.

ಇಂಥ ಹಣದಿಂದ ಕೊಳ್ಳುವುದೇನು? ಹೊರಗಿನವರಿಗೆ ಕಾಣುವುದು ಹೊಸ ಬಣ್ಣದ ಗೋಡೆ, ಹೊಸ ದೀಪ, ಹೊಸ ಲೇಬಲ್. ಅವು ಕೊನೆಯ ಕೆಲವು ತಿಂಗಳ ಖರ್ಚು. ಅದಕ್ಕೂ ಮೊದಲಿನದೆಲ್ಲ ಮನುಷ್ಯರ ಗಂಟೆಗಳು. ಹಳೆಯ ಕಡತ ಓದುವವರ ಗಂಟೆ, ಬಣ್ಣದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರ ಗಂಟೆ, ಅನುವಾದಕರ ಗಂಟೆ. ಊರಿನ ಬೇರೆ ಬೇರೆ ಸಮುದಾಯದವರನ್ನು ಕರೆದು ಅಭಿಪ್ರಾಯ ಕೇಳಿದರೆ ಅವರ ಸಮಯಕ್ಕೂ ಗೌರವಧನ. ಕೆಲಸಕ್ಕೆ ಸೇರಿದ ಎರಡು ವಾರದಲ್ಲಿ ನನಗೊಂದು ವಿಷಯ ಹೊಳೆಯಿತು. ಲೇಬಲ್ಲಿನಲ್ಲಿ ‘ಅಜ್ಞಾತ’ ಎಂದರೆ ‘ತಿಳಿಯಲು ಸಾಧ್ಯವಿಲ್ಲ’ ಎಂದೇ ಅರ್ಥವಲ್ಲ. ಅನೇಕ ಸಲ ಅದರ ಅರ್ಥ ‘ಹುಡುಕಲು ಯಾರಿಗೂ ಸಂಬಳ ಕೊಟ್ಟಿಲ್ಲ’ ಎಂದು. ವಸ್ತುವಿನ ಗುಣ ಎಂದು ನಾವು ಓದುವ ಆ ಮೂರಕ್ಷರ ನಿಜಕ್ಕೂ ಒಂದು ಲೆಕ್ಕಪತ್ರದ ಖಾಲಿ ಸಾಲು.

ನನಗಿಂತ ಮೊದಲು ಇದನ್ನು ಬೇರೆಯವರು ಚೆನ್ನಾಗಿಯೇ ತೋರಿಸಿಕೊಟ್ಟಿದ್ದಾರೆ. 1992ರಲ್ಲಿ ಫ್ರೆಡ್ ವಿಲ್ಸನ್ ಎಂಬ ಕಲಾವಿದ ಬಾಲ್ಟಿಮೋರಿನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಒಂದು ಪ್ರದರ್ಶನ ಮಾಡಿದರು. ಹೊರಗಿನಿಂದ ಕಲಾಕೃತಿಗಳನ್ನು ತರಲಿಲ್ಲ. ಆ ಸಂಸ್ಥೆಯ ಉಗ್ರಾಣದಲ್ಲೇ ಇದ್ದುದನ್ನು ಹೊರಗೆ ತೆಗೆದರು. ಗಾಜಿನ ಪೆಟ್ಟಿಗೆಯೊಂದರಲ್ಲಿ ನಯವಾದ ಬೆಳ್ಳಿಯ ಹೂಜಿ, ಬಟ್ಟಲುಗಳು. ಅವುಗಳ ನಡುವೆ ಗುಲಾಮರಿಗೆ ತೊಡಿಸುತ್ತಿದ್ದ ಕಬ್ಬಿಣದ ಸಂಕೋಲೆ. ಲೇಬಲ್ ಬಹಳ ಸರಳ: ‘ಲೋಹದ ಕೆಲಸ, 1793–1880’. ಸುಳ್ಳೇನೂ ಇಲ್ಲ. ಎರಡೂ ಲೋಹವೇ, ಎರಡೂ ಅದೇ ಕಾಲದ್ದೇ. ಅಲ್ಲಿಯವರೆಗೆ ಒಂದು ಬೆಳಕಿನಲ್ಲಿತ್ತು, ಇನ್ನೊಂದು ಉಗ್ರಾಣದಲ್ಲಿತ್ತು, ಅಷ್ಟೇ. ಸ್ಥಾಯಿ ಸಂಗ್ರಹವನ್ನು ಮತ್ತೆ ಓದುವುದು ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಆ ಒಂದು ಗಾಜಿನ ಪೆಟ್ಟಿಗೆಯ ಕತೆ ಹೇಳುತ್ತೇನೆ.

ಇನ್ನೊಂದು ಉದಾಹರಣೆ ನಮ್ಮ ಕಡೆಗೂ ತಾಗುವಂಥದ್ದು. ಯೇಲ್ ವಿಶ್ವವಿದ್ಯಾಲಯಕ್ಕೆ ಆ ಹೆಸರು ಬಂದದ್ದು ಎಲಿಹು ಯೇಲ್ ಎಂಬಾತನಿಂದ. ಆತ 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್. ಖಾಸಗಿ ವ್ಯಾಪಾರದಲ್ಲಿ ಲಾಭ ಮಾಡಿಕೊಂಡ ಆರೋಪದ ಮೇಲೆ ಆ ಹುದ್ದೆ ಹೋಯಿತು, ಹಣ ಹೋಗಲಿಲ್ಲ. 1718ರಲ್ಲಿ ಆತ ಅಮೆರಿಕದ ಒಂದು ಪುಟ್ಟ ಕಾಲೇಜಿಗೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆ ಒಂದನೆಯ ಜಾರ್ಜನ ಚಿತ್ರ ಕಳಿಸಿಕೊಟ್ಟ. ಸರಕು ಮಾರಿ ಬಂದ ಹಣಕ್ಕೆ ಕೃತಜ್ಞತೆಯಾಗಿ ಕಾಲೇಜು ಆತನ ಹೆಸರಿಟ್ಟುಕೊಂಡಿತು. ಕೊಟ್ಟವರ ಹೆಸರು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅದೇ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿ ಎಲಿಹು ಯೇಲನ ಗುಂಪುಚಿತ್ರವೊಂದಿದೆ. ಮೇಜಿನ ಸುತ್ತ ಕೂದಲ ಟೋಪಿ ತೊಟ್ಟ ಗಂಡಸರು, ಹಿಂದೆ ಆಡುವ ಮಕ್ಕಳು, ಒಂದು ಬದಿಯಲ್ಲಿ ಸೇವೆಗೆ ನಿಂತ ಕಪ್ಪು ಹುಡುಗ. ಹುಡುಗನ ಕೊರಳಲ್ಲಿ ಲೋಹದ ಪಟ್ಟಿ, ಪಟ್ಟಿಗೆ ಬೀಗ. ಚಿತ್ರವನ್ನು 1970ರಲ್ಲಿ ಕೊಟ್ಟವರು ಡೆವನ್‌ಷೈರಿನ ಹನ್ನೊಂದನೆಯ ಡ್ಯೂಕ್, ಅದು ಲೇಬಲ್ಲಿನಲ್ಲಿದೆ. 2020ರಲ್ಲಿ ಕೇಂದ್ರ ಆ ಚಿತ್ರವನ್ನು ಗೋಡೆಯಿಂದ ಇಳಿಸಿತು. ಆ ಜಾಗಕ್ಕೆ ಟೈಟಸ್ ಕಾಫರ್ ಎಂಬ ಕಲಾವಿದನ ಚಿತ್ರವೊಂದನ್ನು ಎರವಲು ತಂದಿತು. ಅದರಲ್ಲಿ ಯೇಲ್ ಮತ್ತು ಸಂಗಡಿಗರ ಚಿತ್ರ ಮುದುಡಿ ಸುಕ್ಕಾಗಿದೆ. ಹುಡುಗನ ಮುಖ ಮಾತ್ರ ಚಿನ್ನದ ಚೌಕಟ್ಟಿನೊಳಗೆ, ಕೊರಳಲ್ಲಿ ಪಟ್ಟಿಯಿಲ್ಲದೆ, ನೇರವಾಗಿ ನಮ್ಮನ್ನೇ ನೋಡುತ್ತದೆ. ಈ ನಡುವೆ ಒಂದು ತಂಡ ಹಳೆಯ ಚಿತ್ರದ ಬಣ್ಣ, ಕಾಲ, ಚಿತ್ರದಲ್ಲಿರುವವರ ಗುರುತು ಎಲ್ಲವನ್ನೂ ಪರಿಶೀಲಿಸಿತು. 2022ರಲ್ಲಿ ಚಿತ್ರ ಹೊಸ ಶೀರ್ಷಿಕೆ, ಹೊಸ ವಿವರಣೆಯೊಂದಿಗೆ ವಾಪಸು ಬಂತು. ಹುಡುಗನ ಹೆಸರು ಸಿಗಲಿಲ್ಲ.

ಹಾಗಾದರೆ ದುಡಿದದ್ದು ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಹುಡುಕದೆ ಬರೆದ ‘ಅಜ್ಞಾತ’ಕ್ಕೂ ಹುಡುಕಿ ಸೋತು ಬರೆದ ‘ಅಜ್ಞಾತ’ಕ್ಕೂ ವ್ಯತ್ಯಾಸವಿದೆ. ಅಕ್ಷರ ಅದೇ, ನಡುವೆ ಯಾರದೋ ಎರಡು ವರ್ಷದ ದುಡಿಮೆ ಇದೆ. ಎರಡನೆಯದು ಆ ಮಗುವಿಗೆ ಸಲ್ಲಿಸಿದ ಮರ್ಯಾದೆ.

ಈಗ ನಮ್ಮ ಮ್ಯೂಸಿಯಮ್ಮಿನ ಮಾತು. ಏಷ್ಯಾ ವಿಭಾಗದ ಮೂಲೆಯಲ್ಲಿ ಒಂದು ಚಾಮರಧಾರಿಣಿ ಇದ್ದಳು. ಮೊಣಕಾಲಿನಿಂದ ಮೇಲಕ್ಕೆ ಮಾತ್ರ. ಬಳಪದ ಕಲ್ಲು, ಕೊರಳಲ್ಲಿ ಎಣಿಸಬಹುದಾದಷ್ಟು ಸ್ಪಷ್ಟವಾದ ಹಾರದ ಮಣಿಗಳು, ಬೆರಳಿಗೆ ಉಂಗುರ. ಹೊಯ್ಸಳರ ಕಾಲದ್ದೆಂದು ಹೇಳಲು ನಮ್ಮೂರ ಕಡೆಯ ಹೈಸ್ಕೂಲು ಹುಡುಗನೂ ಸಾಕು. ಲೇಬಲ್ ಹೀಗಿತ್ತು: ‘ಪರಿಚಾರಿಕೆ. ದಕ್ಷಿಣ ಭಾರತ, ಮೈಸೂರು ಸೀಮೆ. 12–13ನೆಯ ಶತಮಾನ. ಕಲಾವಿದ ಅಜ್ಞಾತ’. ಕೆಳಗೆ ದಾನಿ ದಂಪತಿಗಳ ಪೂರ್ಣ ಹೆಸರು. ಕಡತದಲ್ಲಿ ಇದ್ದದ್ದು ಒಂದೇ ಹಾಳೆ. ನ್ಯೂಯಾರ್ಕಿನಲ್ಲಿ ಕೊಂಡ ರಸೀದಿಯ ಪ್ರತಿ. ಯಾವ ಗುಡಿ, ಯಾವ ಊರು, ಯಾವಾಗ ಹಡಗು ಹತ್ತಿತು ಎಂಬ ಸುಳಿವಿಲ್ಲ.

ಹೊಯ್ಸಳ ಶಿಲ್ಪದ ವಿಶೇಷ ನಿಮಗೆ ಗೊತ್ತೇ ಇದೆ. ಭಾರತದ ಬೇರೆ ಎಷ್ಟೋ ಕಡೆ ಶಿಲ್ಪಿಗಳ ಹೆಸರು ಸಿಗುವುದು ಕಷ್ಟ. ನಮ್ಮಲ್ಲಿ ಅವರೇ ಕೆತ್ತಿ ಹೋಗಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ ‘ಮಲ್ಲಿ’, ಇನ್ನು ಕೆಲವು ಕಡೆ ‘ಮ’ ಎಂಬ ಒಂದೇ ಅಕ್ಷರ. ಹೆಸರು ಹಾಕಿಕೊಳ್ಳುವುದರಲ್ಲಿ ಅವರಿಗೆ ನಾಚಿಕೆಯಿರಲಿಲ್ಲ, ಬಿರುದು ಸೇರಿಸುವುದರಲ್ಲೂ ಇರಲಿಲ್ಲ.

ಆದರೆ ಕಲ್ಲಿನ ಮೇಲಿದ್ದ ಈ ಹೆಸರುಗಳು ಪುಸ್ತಕಕ್ಕೆ ಬಂದದ್ದು ಹೇಗೆ? ಬಿ. ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಅವರ ನಂತರ ಮೈಸೂರು ಪುರಾತತ್ವ ಇಲಾಖೆಯನ್ನು ನಡೆಸಿದವರು ಆರ್. ನರಸಿಂಹಾಚಾರ್. ‘ಕರ್ಣಾಟಕ ಕವಿಚರಿತೆ’ ಬರೆದು ನಮ್ಮ ಕವಿಗಳ ಹೆಸರುಗಳನ್ನು ಉಳಿಸಿಕೊಟ್ಟರಲ್ಲ, ಅವರೇ. 1917ರಲ್ಲಿ ಸೋಮನಾಥಪುರದ ಕೇಶವ ದೇವಾಲಯದ ಮೇಲೆ, 1919ರಲ್ಲಿ ಬೇಲೂರಿನ ದೇವಾಲಯದ ಮೇಲೆ ಅವರ ಪುಸ್ತಕಗಳು ಬಂದವು. ಯಾವ ವಿಗ್ರಹದ ಪೀಠದಲ್ಲಿ ಯಾರ ಹೆಸರಿದೆ ಎಂದು ನೋಡಿ ದಾಖಲಿಸಿದ ಕೆಲಸ ಅದು. ಮಲ್ಲಿತಮ್ಮ ಇವತ್ತು ನಮಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತನಾಗಿದ್ದರೆ ಅದಕ್ಕೆ ಅವನ ಉಳಿಯಷ್ಟೇ ಕಾರಣವಲ್ಲ. ಗುಡಿಯ ಸುತ್ತ ಬಗ್ಗಿ ಬಗ್ಗಿ ಓದುವುದಕ್ಕೆ ಮೈಸೂರು ಸಂಸ್ಥಾನ ಒಬ್ಬ ವಿದ್ವಾಂಸನಿಗೆ ಕೊಟ್ಟ ಸಂಬಳವೂ ಕಾರಣ. ಗ್ರಾಂಟ್ ಎಂಬ ಶಬ್ದ ಆಗ ಬಳಕೆಯಲ್ಲಿತ್ತೋ ಇಲ್ಲವೋ, ಕೆಲಸ ಅದೇ.

ಪೀಠದಲ್ಲಿ ಹೆಸರು, ಎಂದೆ. ನಮ್ಮ ಚಾಮರಧಾರಿಣಿಗೆ ಪೀಠವಿರಲಿಲ್ಲ. ಯಾರೋ ಅವಳನ್ನು ಮೊಣಕಾಲಿನಲ್ಲಿ ಕತ್ತರಿಸಿ ಸಾಗಿಸಿದ್ದರು. ಕಲ್ಲಿನ ಕೆಳ ಅಂಚು ತಾನಾಗಿ ಒಡೆದದ್ದಲ್ಲ, ಕೊಯ್ದದ್ದು ಎಂದು ನಮ್ಮ ಸಂರಕ್ಷಣಾ ತಜ್ಞೆ ದೀಪ ಹಿಡಿದು ತೋರಿಸಿದರು. ಅವರ ಆ ಅರ್ಧ ದಿನದ ದುಡಿಮೆಗೂ ಗ್ರಾಂಟಿನ ಲೆಕ್ಕದಲ್ಲಿ ಒಂದು ಸಾಲಿತ್ತು. ಹೆಸರಿದ್ದರೆ ಅದು ಊರಿನಲ್ಲೇ ಉಳಿದಿತ್ತು. ಹಡಗು ಹತ್ತಿದ್ದು ಮೂರ್ತಿ ಮಾತ್ರ.

ಊರಿನ ಭಾರತೀಯ ಕುಟುಂಬಗಳನ್ನು ಒಂದು ಶನಿವಾರ ಕರೆದು ಅಭಿಪ್ರಾಯ ಕೇಳಿದೆವು. ನಿರೀಕ್ಷಿಸಿದ ಮಾತುಗಳು ಬಂದವು: ಎಷ್ಟು ಚೆಂದ, ಎಂಥ ಕುಸುರಿ, ಮಕ್ಕಳನ್ನು ಕರೆತರಬೇಕು. ಮಗನ ಮನೆಗೆ ಬಂದಿದ್ದ ಅರಸೀಕೆರೆ ಕಡೆಯ ಹಿರಿಯ ಹೆಂಗಸೊಬ್ಬರು ಕೊನೆಯವರೆಗೂ ಸುಮ್ಮನಿದ್ದರು. ಆಮೇಲೆ ಕನ್ನಡದಲ್ಲಿ ನನ್ನನ್ನು ಕೇಳಿದರು: “ಇವಳ ಪಕ್ಕ ನಿಂತಿದ್ದವರು ಎಲ್ಲಿ?” ಗೋಡೆಯ ಶಿಲ್ಪ ಒಂಟಿಯಾಗಿರುವುದಿಲ್ಲ. ಚಾಮರ ಬೀಸುವವಳು ಇದ್ದರೆ ಬೀಸಿಸಿಕೊಳ್ಳುವ ದೇವರು ನಡುವೆ ಇರಬೇಕು, ಆಚೆ ಬದಿಗೆ ಜೊತೆಗಾತಿ ಇರಬೇಕು. ಗುಡಿಯನ್ನು ಸುತ್ತಿ ಬೆಳೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ದಶಕಗಳಿಂದ ಆ ಲೇಬಲ್ ಓದಿದ ಯಾರಿಗೂ ಅದು ಹೊಳೆದಿರಲಿಲ್ಲ, ನನಗೂ ಆ ಕ್ಷಣದವರೆಗೆ ಅಷ್ಟು ನೇರವಾಗಿ ಹೊಳೆದಿರಲಿಲ್ಲ. ಕ್ಯುರೇಟರಿಗೆ ಅನುವಾದಿಸಿ ಹೇಳಿದೆ. ಅವರು ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದರು.

ಶಿಲ್ಪದ ಫೋಟೋಗಳನ್ನು ನಮ್ಮ ಜಿಲ್ಲೆಯ ಒಬ್ಬ ನಿವೃತ್ತ ಮೇಷ್ಟ್ರಿಗೆ ಕಳಿಸಿದೆ. ಮೊಪೆಡ್ಡಿನ ಮೇಲೆ ಹಳ್ಳಿ ಹಳ್ಳಿ ಸುತ್ತಿ ಪಾಳು ಗುಡಿ, ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರ ತೆಗೆದಿಡುವುದು ಅವರ ಹವ್ಯಾಸ. ಅಂಚಿನ ಅಳತೆ, ಕಲ್ಲಿನ ಬಣ್ಣ, ಹಾರದ ವಿನ್ಯಾಸ ಎಲ್ಲ ಬರೆದು ಕಳಿಸಿ ಎಂದರು. ಕಳಿಸಿದೆ. “ಪೀಠ ಸಿಕ್ಕರೆ ಹೆಸರೂ ಸಿಗಬಹುದು, ಹೆಸರು ಸಿಗದಿದ್ದರೂ ಊರು ಸಿಗುತ್ತದೆ” ಎಂದು ಉತ್ತರಿಸಿದರು.

ಇತ್ತ ಲೇಬಲ್ ಬರೆಯುವ ಹೊತ್ತು. ನಮಗಿದ್ದ ಮಿತಿ ಎಪ್ಪತ್ತು ಪದ. ಅಷ್ಟರಲ್ಲಿ ಹೊಯ್ಸಳರು, ಶಿಲ್ಪಿಗಳ ಸಹಿ, ಕೊಯ್ದ ಅಂಚು, ಕಾಣೆಯಾದ ಜೊತೆಗಾರರು ಎಲ್ಲ ಹಿಡಿಯಬೇಕು. ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು: ಜನ ಬರುವುದು ಚೆಲುವನ್ನು ನೋಡಲು, ಅವರ ಕೈಗೆ ಕಳವಿನ ವರದಿ ಕೊಡುವುದೇಕೆ? ತಳ್ಳಿಹಾಕುವ ಮಾತಲ್ಲ ಅದು. ಮರುವ್ಯಾಖ್ಯಾನ ಎಂಬುದು ಫ್ಯಾಷನ್ನೂ ಆಗಬಲ್ಲದು. ಅರ್ಜಿಯಲ್ಲಿ ಯಾವ ಶಬ್ದ ಬರೆದರೆ ಹಣ ಸಿಗುತ್ತದೆ ಎಂದು ಬೇಗ ಕಲಿಯುತ್ತಾರೆ. ಹಣ ಕೊಡುವವರ ಕಾಳಜಿಯೇ ಗೋಡೆಯ ಮೇಲೆ ಉತ್ತರವಾಗಿ ಬರುವ ಅಪಾಯ ಇದ್ದೇ ಇದೆ. ಬೆಂಗಳೂರಿನಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ‘ದತ್ತು’ ಕೊಡುವ ಮಾತು ಬಂದಾಗ, 2016ರಲ್ಲಿ, ಕಲಾವಿದರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಹಣ ತರುವವರು ಗೋಡೆಯನ್ನೂ ತಮ್ಮದಾಗಿಸಿಕೊಂಡರೆ ಎಂಬ ಭಯ ಅದು. ಒಳ್ಳೆಯ ಅನುದಾನಕ್ಕೂ ಕೆಟ್ಟದ್ದಕ್ಕೂ ನಾನು ಕಂಡುಕೊಂಡ ಅಳತೆ ಸಣ್ಣದು: ಹಣ ಪ್ರಶ್ನೆ ಕೇಳುವುದಕ್ಕೆ ಬಂದಿದೆಯೋ, ಉತ್ತರ ಅಂಟಿಸುವುದಕ್ಕೋ? ಅರಸೀಕೆರೆಯ ಅಮ್ಮನ ಪ್ರಶ್ನೆ ಯಾವ ಅರ್ಜಿಯಲ್ಲೂ ಇರಲಿಲ್ಲ. ಆ ಪ್ರಶ್ನೆಗೆ ಜಾಗವಿತ್ತಲ್ಲ, ನಮ್ಮ ಗ್ರಾಂಟ್ ಕೆಟ್ಟದ್ದಲ್ಲ ಎಂದು ನನಗೆ ಅನ್ನಿಸಿದ್ದು ಅದರಿಂದ.

ಕೊನೆಗೆ ಲೇಬಲ್ಲಿನಿಂದ ‘ಅಜ್ಞಾತ’ ಹೋಯಿತು. ಬದಲಿಗೆ ಬಂದ ಸಾಲುಗಳ ಸಾರ ಇಷ್ಟು: ಇವಳನ್ನು ಕೆತ್ತಿದ ಕಾಲದ ಶಿಲ್ಪಿಗಳು ತಮ್ಮ ಹೆಸರನ್ನು ಪೀಠದಲ್ಲಿ ಬರೆಯುತ್ತಿದ್ದುದುಂಟು, ಇವಳನ್ನು ಪೀಠದಿಂದ ಕೊಯ್ದು ತರಲಾಗಿದೆ, ಇವಳ ಪಕ್ಕದಲ್ಲಿದ್ದವರು ಎಲ್ಲಿದ್ದಾರೆಂದು ನಾವು ಹುಡುಕುತ್ತಿದ್ದೇವೆ. ಕೆಳಗೆ ದಾನಿ ದಂಪತಿಗಳ ಹೆಸರು ಹಾಗೇ ಉಳಿಯಿತು. ಅದರ ಕೆಳಗೆ ಇನ್ನೊಂದು ಹೆಸರು ಸೇರಿತು, ಗ್ರಾಂಟ್ ಕೊಟ್ಟ ಪ್ರತಿಷ್ಠಾನದ್ದು. ಒಪ್ಪಂದದಲ್ಲೇ ಹಾಗಿತ್ತು. ಎರಡು ಹೆಸರಿನ ಲೇಬಲ್ ಈಗ ಮೂರು ಹೆಸರಿನದಾಗಬೇಕಿತ್ತು. ಮೊದಲನೆಯದು ಮಾತ್ರ ಇನ್ನೂ ಬರಬೇಕು.

‘ಹುಡುಕುತ್ತಿದ್ದೇವೆ’ ಎಂಬ ಕ್ರಿಯಾಪದದ ಮೇಲೆ ನಮ್ಮಲ್ಲಿ ಉದ್ದನೆಯ ಚರ್ಚೆಯೇ ನಡೆಯಿತು. ಸ್ಥಾಯಿ ಸಂಗ್ರಹ ಶಾಶ್ವತ. ಹಣ ಎರಡು ವರ್ಷದ್ದು. ಎರಡು ವರ್ಷವಾದ ಮೇಲೆ ಹುಡುಕುವವರು ಯಾರು? ಗ್ರಾಂಟುಗಳ ದೊಡ್ಡ ತೊಡಕೇ ಇದು. ಯೋಜನೆಗೆ ಹಣವಿರುತ್ತದೆ, ಮುಂದಿನ ವರ್ಷಗಳ ಸಂಬಳಕ್ಕೆ ಇರುವುದಿಲ್ಲ. ಸರ್ಕಾರದ ಹಣವಾದರೂ ಗಟ್ಟಿಯೆಂದು ಹೇಳುವ ಹಾಗಿಲ್ಲ. 2025ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷರು ಮ್ಯೂಸಿಯಮ್ ಮತ್ತು ಗ್ರಂಥಾಲಯಗಳಿಗೆ ನೆರವು ಕೊಡುವ ಸಂಸ್ಥೆಯನ್ನೇ ಕುಗ್ಗಿಸುವ ಆದೇಶ ಹೊರಡಿಸಿದರು. ಏಪ್ರಿಲ್ಲಿನಲ್ಲಿ ಮಾನವಿಕ ವಿಷಯಗಳ ರಾಷ್ಟ್ರೀಯ ನಿಧಿ ಮಂಜೂರಾಗಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ನಡುವಿನಲ್ಲೇ ರದ್ದು ಮಾಡಿತು. ವಿಷಯ ಕೋರ್ಟಿಗೆ ಹೋಯಿತು. ತೀರ್ಪು ಬರುವವರೆಗೆ ಕಡತ ತೆರೆದಿಟ್ಟವರು ಕಾಯಲಾರರು. ಅವರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಅರ್ಧ ಓದಿದ ಕಡತ ಮತ್ತೆ ಪೆಟ್ಟಿಗೆಗೆ ಹೋಗುತ್ತದೆ, ಮತ್ತೆ ‘ಅಜ್ಞಾತ’.

ನಮ್ಮ ಗ್ರಾಂಟ್ ಅದಕ್ಕೂ ಮೊದಲೇ, ಗೊತ್ತಿದ್ದ ದಿನಾಂಕಕ್ಕೆ, ನೆಟ್ಟಗೆ ಮುಗಿಯಿತು. ಅಂತಿಮ ವರದಿಯ ನಮೂನೆಯಲ್ಲಿ ಎಷ್ಟು ವೀಕ್ಷಕರು, ಎಷ್ಟು ಲೇಬಲ್ಲು, ಎಷ್ಟು ಸಭೆ ಎಂದು ಕೇಳಿದ್ದರು. ತುಂಬಿದೆವು. ಕೊನೆಯ ಕಾಲಮ್ಮು: ‘ಈ ಕೆಲಸ ಮುಂದೆ ಹೇಗೆ ಉಳಿಯುತ್ತದೆ?’ ಕ್ಯುರೇಟರ್ ನನ್ನ ಮುಖ ನೋಡಿದರು. “ಲೇಬಲ್ಲಿನಲ್ಲಿ ಹುಡುಕುತ್ತಿದ್ದೇವೆ ಎಂದು ಬರೆದಿದ್ದೇವಲ್ಲ, ಯಾರಾದರೂ ಓದಿ ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಕೇಳಿದಾಗ ಮ್ಯೂಸಿಯಮ್ ಉತ್ತರ ಹೇಳಬೇಕಾಗುತ್ತದೆ” ಎಂದೆ. ಅದನ್ನೇ ಸ್ವಲ್ಪ ಸಭ್ಯವಾಗಿ ಬರೆದರು. ಅಪ್ಪನ ಪ್ರಶ್ನೆಗೂ ನನ್ನ ಉತ್ತರ ಅದೇ. ಎರಡು ವರ್ಷದ ಸಂಬಳ ಚೀಟಿ ಬದಲಾಯಿಸುವುದಕ್ಕೆ ಕೊಟ್ಟದ್ದಲ್ಲ, ಮುಗಿದುಹೋದ ವಾಕ್ಯವೊಂದನ್ನು ಮುಗಿಯದ ವಾಕ್ಯವಾಗಿ ಮಾಡುವುದಕ್ಕೆ ಕೊಟ್ಟದ್ದು.

ನಾನೀಗ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಮೇಷ್ಟ್ರಿಂದ ಎರಡು ತಿಂಗಳಿಗೊಮ್ಮೆ ಫೋಟೋಗಳು ಬರುತ್ತವೆ. ಮುರಿದ ಪಾದಗಳು, ಅರ್ಧ ಹೂತ ಪೀಠಗಳು, ಸುಣ್ಣ ಬಳಿದ ಅಕ್ಷರಗಳು. ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು. ಪ್ರತಿಯೊಂದನ್ನೂ ಚಾಮರಧಾರಿಣಿಯ ಕೊಯ್ದ ಅಂಚಿನ ಅಳತೆಯೊಂದಿಗೆ ಹೋಲಿಸಿ ನೋಡಿ, “ಇದಲ್ಲ” ಎಂದು ಅವರೇ ಬರೆದಿರುತ್ತಾರೆ. ಹೋದ ತಿಂಗಳು ಹನ್ನೊಂದು ಬಂದವು, ಹನ್ನೊಂದೂ ‘ಇದಲ್ಲ’. ಮಳೆ ನಿಂತ ಮೇಲೆ ಅರಸೀಕೆರೆ ಕಡೆ ಇನ್ನೂ ನಾಲ್ಕು ಗುಡಿ ನೋಡುವುದಿದೆಯಂತೆ. ಪೆಟ್ರೋಲು ಅವರ ಪಿಂಚಣಿಯದು.